ಅಕ್ಕನ ಎಲುಬು, ತಮ್ಮನ ಹಸಿವು

ದೇವರು ಅಕ್ಕನಿಗೆ ಸಿಂಹದ ಬಾಯಿ ಕೊಟ್ಟು, ಸೂಜಿ ಕಂಡಾಗ ಮಾತ್ರ ಇಲಿಯ ಎದೆ ಕೊಟ್ಟಿದ್ದ. ಎಲುಬು ಸವೆಯುತ್ತಿದೆಯೇ ಎಂದು ನೋಡಲು ಹೋದ ವಾರವಷ್ಟೇ ಅವಳ ಸೊಂಟದಿಂದ ಸೂಜಿಯಲ್ಲಿ ಒಂದು ಚೂರು ತೆಗೆದಿದ್ದರು. ಈಗ ಇನ್ನೊಮ್ಮೆ ಬರಬೇಕಂತೆ! ತಮ್ಮನನ್ನು ಎಳೆದುಕೊಂಡೇ ಆಸ್ಪತ್ರೆಗೆ ಬಂದಳು.

"ಮತ್ತೆ ಚುಚ್ಚೋದ್ಯಾಕೆ ಡಾಕ್ಟ್ರೇ? ನನ್ನ ಸೊಂಟ ಏನು ದರ್ಜಿ ಅಂಗಡಿ ದಿಂಬಾ?"

ಚೂರು ತುಂಬಿದ ಸೀಸೆಗಳು ಅದಲುಬದಲಾಗಬಾರದೆಂದು ಆ ಪರೀಕ್ಷೆಯ ಕೋಣೆಯಲ್ಲಿ ಪ್ರತಿ ಚೂರಿಗೂ ಅದರ ಕೋಶಗಳು ಗಂಡಿನವೋ ಹೆಣ್ಣಿನವೋ ತಿಳಿಸುವ ಬಣ್ಣ ಹಾಕುವ ರೂಢಿ. ಡಾಕ್ಟರಮ್ಮ ಕನ್ನಡಕ ಮೇಲೇರಿಸಿದರು. "ಯಾರೋ ಗಂಡಸಿನ ಚೂರು ನಿಮ್ಮದಕ್ಕೆ ಬೆರೆತಿದೆ ಅಮ್ಮ, ಅದಕ್ಕೇ ಇನ್ನೊಮ್ಮೆ ತೆಗೀಬೇಕು. ಎಲುಬು ಕಟ್ಟೋ ಕೋಶಗಳು ಹೆಣ್ಣಿನವು, ಎಲುಬು ತಿನ್ನೋ ಕೋಶಗಳು ಗಂಡಿನವು!"

"ಆ ಗಂಡಸು ನಾನೇ ಇರ್ಬೇಕು ಬಿಡಿ," ಎಂದ ತಮ್ಮ, ಎದೆಯುಬ್ಬಿಸಿ. "ಹಿಂದೆ ಅಕ್ಕ ಕಾಯಿಲೆ ಬಿದ್ದಾಗ ರಕ್ತ ಹುಟ್ಟಿಸೋ ನನ್ನ ಅಸ್ಥಿಮಜ್ಜೆ ಕೊಟ್ಟಿದ್ದೆ. ಅವಳ ಮೈಯಲ್ಲಿ ಹರಿಯೋದು ನನ್ನ ರಕ್ತ. ನಾಲಿಗೆ ಮಾತ್ರ ಅವಳದ್ದೇ."

"ಹಳೇ ಕಾಯಿಲೆ ಏನಿತ್ತು ಅಂತ ಕೇಳಿದ್ದೆನಲ್ಲಮ್ಮ! ಏನೂ ಇಲ್ಲ ಅಂದ್ರಿ!"

ಅಕ್ಕ ಸೆರಗಿನ ತುದಿ ತಿರುಚಿದಳು. "ಹೇಳಿದಷ್ಟೂ ಸೂಜಿ ಜಾಸ್ತಿ ಅಂದ್ಕೊಂಡೆ."

ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಕ್ಕೇಬಿಟ್ಟರು. "ಹಾಗಾದ್ರೆ ಸರಿಯಾಗೇ ಇದೆ. ಎಲುಬು ತಿನ್ನೋ ಕೋಶ ರಕ್ತದ ಮನೆತನದ್ದು. ರಕ್ತದಲ್ಲಿ ಅಲೆಯೋ ಬಿಳಿ ಕೋಶಗಳು ಎಲುಬಿನ ಹತ್ತಿರ ಬಂದು, ನಾಲ್ಕಾರು ಸೇರಿ ಬೆರೆತು, ಒಂದೇ ದೊಡ್ಡ ಹೊಟ್ಟೆ ಆಗ್ತವೆ. ರಕ್ತ ತವರುಮನೆ, ಎಲುಬು ಬರೀ ಊಟದ ಮನೆ."

ಯಾರ ಎಲುಬನ್ನು ಯಾರ ಹಸಿವಿಗೆ ಗಂಟು ಹಾಕುತ್ತಾನೋ, ಮೇಲಿರುವವನ ಲೀಲೆ.

ಅಕ್ಕ ಗುಡುಗಿದಳು. "ಲೋ, ನನ್ನ ಎಲುಬು ಸವೆಸಿದ್ದು ನೀನೇನೋ?"

"ಬೈಬೇಡಿ," ಎಂದರು ಡಾಕ್ಟರಮ್ಮ. "ಹಳೇದನ್ನ ತಿಂದ್ರೇನೇ ಹೊಸದು ಕಟ್ಟೋಕೆ ಜಾಗ. ಏನೂ ಸವೆದಿಲ್ಲ, ಈ ಕೋಶಗಳು ಅಳತೆ ಮೀರದೆ ತಿಂತಿವೆ."

"ಅಳತೆ ಮೀರದೆ? ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿ ಪೂರ್ತಿ ನುಂಗಿದ ಇವನು? ಇವು ಇವನದ್ದಾಗಿರೋಕೆ ಸಾಧ್ಯವೇ ಇಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ!"

"ನೋಡಬಹುದು," ಡಾಕ್ಟರಮ್ಮ ಮೇಜಿನ ಖಾನೆ ಎಳೆದರು. "ಸೂಜಿ ತೆಗೀಲಾ?"

"ಇವನದ್ದೇ! ಅಪ್ಪನಾಣೆ ಇವನದ್ದೇ!" ಎನ್ನುತ್ತಾ ಅಕ್ಕ ಸೊಂಟನೋವು ಮರೆತು ಬಾಗಿಲಾಚೆ ಓಡಿದಳು.