ಕೈಯಲ್ಲಿ ಅರೆದ ಪುಡಿ

ಪರದೆಯ ಮೇಲಿನ ಗೆರೆ ಗುಡ್ಡ ಹತ್ತಿದಂತೆ ಏರತೊಡಗಿದಾಗ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದರು.

"ಬಂತು ನೋಡಮ್ಮ" ಎಂದರು.

ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ ಅದು. ಕಾಂತ ಹತ್ತಿರ ತಂದರೆ ಅದರೊಳಗಿನ ವಿದ್ಯುತ್ತೂ ಅಲುಗಬೇಕು. ಪ್ರಯೋಗಾಲಯದವರೆಲ್ಲ ಪುಡಿಯಕ್ಕ ಎಂದೇ ಕರೆಯುವ ಅವಳು ಆ ಅಲುಗಾಟ ತೋರಿಸುವ ಗೆರೆಗಾಗಿ ವರ್ಷಗಟ್ಟಲೆ ಕಾದಿದ್ದಳು. ದ್ರವ ಸಾರಜನಕದ ಬಿಳಿ ಹಬೆ ಪಾತ್ರೆಯಂಚಿನಿಂದ ಇಳಿದು ಅವಳ ಪಾದಗಳನ್ನು ಮುಚ್ಚಿತ್ತು. ಮೋಡದ ಮೇಲೆ ನಿಂತಂತಿತ್ತು. ಆದರೂ ಖುಷಿ ಮಾತ್ರ ಒಳಗೆ ಬರಲೊಲ್ಲದು.

"ಸರ್, ಇಷ್ಟು ಜೋರಾಗಿ ಬರಬಾರದು. ಉಕ್ಕಿನ ಗುಂಡುಗಳ ಯಂತ್ರದಲ್ಲಿ ಅರೆದಿದ್ದಲ್ವಾ, ಕಬ್ಬಿಣ ಸವೆದು ಸೇರ್ಕೊಂಡಿರಬಹುದು."

"ಕೈಗೆ ಬಂದ ತುತ್ತನ್ನ ನೀನೇ ತಟ್ಟಿ ಹಾಕ್ತೀಯಾ? ಪ್ರಬಂಧ ಕಳಿಸೋಕೆ ನಾಡಿದ್ದೇ ಕೊನೆ."

"ಇನ್ನೊಂದ್ಸಲ ಮಾಡ್ತೀನಿ ಸರ್. ಕಲ್ಲಿನ ಒರಳಲ್ಲಿ, ಕೈಯಲ್ಲೇ."

ಮೇಷ್ಟ್ರು ಹೊರಟುಹೋದರು.

ಮರುದಿನ ಮಧ್ಯಾಹ್ನ ಊಟ ತಂದ ಅಮ್ಮ, ಮುಷ್ಟಿಗಾತ್ರದ ಒರಳಿನ ಮುಂದೆ ಬಗ್ಗಿದ್ದ ಮಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅರೆಯೋ ಕೆಲಸ ತಪ್ಪಲಿ ಅಂತ ಓದಿಸಿದ್ದು. ಕೊನೆಗೂ ಅದೇ ಹಣೇಬರಹ."

ಮಗಳಿಗೆ ನಗು ಬಂತು. "ಮೊದಲಿಂದು ಸುಳ್ಳು ಅಂತಾದ್ರೆ ನನ್ನ ಪದವಿ ಇನ್ನೂ ಮುಂದಕ್ಕೆ ಹೋಗುತ್ತಮ್ಮ."

"ನಿಂಗೆ ಅನುಮಾನ ಇದೆಯಾ?"

"ಇದೆ."

"ಹಾಗಾದ್ರೆ ಅರಿ. ಅನುಮಾನ ಇಟ್ಕೊಂಡು ಉಂಡಿದ್ದು ಮೈಗೆ ಹತ್ತಲ್ಲ."

ಅಮ್ಮ ಬೆಂಚಿನ ಮೇಲೆ ತೂಕಡಿಸತೊಡಗಿದಳು. ಕಿಟಕಿಯ ಬಿಸಿಲು, ಒರಳಿನ ಗರಗರ, ಅಮ್ಮನ ಉಸಿರು ಎಲ್ಲ ಒಂದರೊಳಗೊಂದು ಕರಗಿದವು. ಅರೆಯುತ್ತಿರುವುದು ತಾನೋ ಕೈಯೋ, ಅವಳಿಗೆ ತಿಳಿಯದಾಯಿತು.

ಪುಡಿಯನ್ನು ಬಿಲ್ಲೆಯಾಗಿ ಒತ್ತಿ, ಕುಲುಮೆಯಲ್ಲಿ ಸುಟ್ಟು, ಮಾರನೆಯ ದಿನ ಅಳೆಯಲು ಕೂತಾಗ ಮೇಷ್ಟ್ರು ಸದ್ದಿಲ್ಲದೆ ಬಂದು ಹಿಂದೆ ನಿಂತಿದ್ದರು.

ಪರದೆಯ ಮೇಲೆ ಗುಡ್ಡ ಇರಲಿಲ್ಲ.

"ಅಳತೆ ಹಿಗ್ಗಿಸು" ಎಂದರು ಮೇಷ್ಟ್ರು.

ಹಿಗ್ಗಿಸಿದಳು. ಗೆರೆ ತೀರ ಮೆಲ್ಲಗೆ ಏರಿತ್ತು. ಕಾಂತದ ದಿಕ್ಕು ಬದಲಿಸಿದಳು, ಗೆರೆಯೂ ಕೆಳಕ್ಕೆ ತಿರುಗಿತು. ಮತ್ತೆ ಬದಲಿಸಿದಳು, ಮತ್ತೆ ಏರಿತು.

"ಬಹಳ ಸಣ್ಣದು ಸರ್."

"ಸಣ್ಣದೇ. ಆದ್ರೆ ಕಬ್ಬಿಣದ್ದಲ್ಲ, ನಮ್ದು." ಅವರೇ ಮುಂದುವರಿದು, "ಇನ್ನೂ ನಾಲ್ಕು ಸಲ ಅಳೀಬೇಕು. ಈ ಸಲದ ಪ್ರಬಂಧ ಬಿಟ್ಬಿಡೋಣ" ಎಂದು ಹೊರಗೆ ನಡೆದರು.

ಅವಳು ನಲ್ಲಿಯ ಕೆಳಗೆ ಕೈ ತೊಳೆಯುತ್ತ ಕಿಟಕಿಯಾಚೆ ನೋಡಿದಳು. ಖಾಲಿ ಅಂಗಳದಲ್ಲಿ ಮೇಷ್ಟ್ರು ಒಬ್ಬರೇ ಹೋಗುತ್ತಿದ್ದರು. ನಡುವೆ ನಿಂತು, ಯಾರಿಗೋ ವಿವರಿಸುವವರಂತೆ, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸುತ್ತಿದ್ದರು.