ಎಡಕ್ಕೆ ಹೋದರೆ ನೀಲಿ ಬಸ್ಸು

"ಏನೇ, ಕಣ್ಣು ನೆತ್ತಿಗೆ ಹತ್ತಿದ್ಯಾ? ಆ ಬಾಗ್ಲು ಪ್ಯಾಸೆಂಜರ್‌ಗಳಿಗೆ. ನಿಂದು ಹಿಂದ್ಗಡೆ."

ಸೂಪರ್‌ವೈಸರ್ ಹೀಗೆ ಗದರಿದಾಗ ದೊಡ್ಡಕ್ಕ ವಿಮಾನ ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಕಿವಿಯೊಳಗಿನ ಗುಂಯ್ ಅನ್ನುವ ಸದ್ದು ಇನ್ನೂ ನಿಂತಿರಲಿಲ್ಲ. ಹಾಗಾಗಿ ಬೈಗುಳದಲ್ಲಿ ಅರ್ಧ ಅವಳಿಗೆ ಕೇಳಿಸಲೇ ಇಲ್ಲ. ಕೇಳಿಸಿದ ಅರ್ಧಕ್ಕೆ ನಗು ಬಂತು.

ಈ ವಿಮಾನ ನಿಲ್ದಾಣದ ನೆಲವನ್ನು ಅವಳು ಒರೆಸಲು ಹತ್ತಿ ಹನ್ನೊಂದು ವರ್ಷ. ಅವಳ ಗುತ್ತಿಗೆ ಕಂಪನಿಗೆ ಯಾವುದೋ ಪ್ರಶಸ್ತಿ ಬಂದಿತ್ತು. ಅದನ್ನು ತೆಗೆದುಕೊಳ್ಳಲು ನಿಜವಾದ ಕೆಲಸದವರೇ ಬರಬೇಕೆಂದು ಕೊಡುವವರು ಹಟ ಹಿಡಿದರು. ಸರಿ, ದೊಡ್ಡಕ್ಕನನ್ನು ವಿಮಾನ ಹತ್ತಿಸಿ ದೂರದ ಊರಿಗೆ ಕಳಿಸಿದರು. ವೇದಿಕೆಯ ಮೇಲೆ ಗಾಜಿನ ಫಲಕ ಕೈಗಿಟ್ಟು ಫೋಟೋ ಹೊಡೆದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಮ್ಯಾನೇಜರ್ ಅದನ್ನು ಇಸಕೊಂಡು ತನ್ನ ಪೆಟ್ಟಿಗೆಯೊಳಗೆ ಹಾಕಿಕೊಂಡ. ವರ್ಷವಿಡೀ ಒಂದೂ ಅಪಘಾತವಿಲ್ಲದೆ ಕೆಲಸ ನಡೆಸಿದ್ದಕ್ಕೆ ಆ ಫಲಕ ಎಂಬುದು ಮೈಕಿನವನು ಓದಿದಾಗಲೇ ಅವಳಿಗೆ ಗೊತ್ತಾದದ್ದು.

ಗೊತ್ತಾದಾಗ ಜೊತೆಗೆ ನೆಲ ಒರೆಸುತ್ತಿದ್ದ ಕುಳ್ಳಜ್ಜಿಯ ನೆನಪಾಯಿತು. ಕೆಲಸದವರನ್ನು ಊರ ನಡುವಿನ ಬಸ್ ನಿಲ್ದಾಣದ ಹಿಂಭಾಗದಿಂದ ತಂದು, ಮತ್ತೆ ಅಲ್ಲಿಗೇ ಒಯ್ದು ಸುರಿಯುವುದು ಒಂದು ತೆರೆದ ಟೆಂಪೊ. ಕೂರಲು ಜಾಗವಿಲ್ಲ, ಹಿಡಿಯಲು ಒಂದು ಹಗ್ಗ. ಮೂರು ತಿಂಗಳ ಹಿಂದೆ ತಿರುವೊಂದರಲ್ಲಿ ಹಗ್ಗ ಕೈತಪ್ಪಿ ಕುಳ್ಳಜ್ಜಿ ರಸ್ತೆಗೆ ಬಿತ್ತು. ಸೊಂಟ ಮುರಿಯಿತು. ಮುದುಕಿ ನಿಂತಲ್ಲೇ ತೂಕಡಿಸಿದಳು, ಅದು ಅವಳ ತಪ್ಪೇ ಹೊರತು ಅಪಘಾತವಲ್ಲ ಎಂದು ಕಂಪನಿ ಬರೆದುಕೊಂಡಿತು. ಆಮೇಲೆ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿಸಿತು.

ಸೂಪರ್‌ವೈಸರ್ ಇನ್ನೂ ಮಾತಾಡುತ್ತಲೇ ಇದ್ದ. ಸಾಮಾನು ಬರುವ ಜಾಗದಲ್ಲಿ ಯಾವುದೋ ಮಗು ವಾಂತಿ ಮಾಡಿದೆ, ಇಬ್ಬರು ಕೆಲಸಕ್ಕೆ ಬಂದಿಲ್ಲ, ಬಟ್ಟೆ ಬದಲಾಯಿಸಿ ಬೇಗ ಮಾಪು ಹಿಡಿ ಅಂದ.

"ಇವತ್ತು ನಂಗೆ ರಜಾ ಅಲ್ವಾ ಸಾರ್. ನೀವೇ ಬರ್ಕೊಟ್ಟಿದ್ದು."

"ರಜಾ ಅಂತೆ. ಒಂದ್ಸಲ ಮೇಲೆ ಹಾರ್ಬಿಟ್ರೆ ಮುಂಡೇದಕ್ಕೆ ರೆಕ್ಕೆ ಬಂದ್ಬಿಡುತ್ತಾ?"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಆ ಕಡೆ ತಿರುಗಿದ. ಈ ಕಡೆಯಿಂದ ಸೂಟ್‌ಕೇಸು ಎಳೆದುಕೊಂಡು ಬಂದ ಪ್ರಯಾಣಿಕನೊಬ್ಬ, ಊರ ನಡುವಿಗೆ ಹೇಗೆ ಹೋಗುವುದೆಂದು ದೊಡ್ಡಕ್ಕನನ್ನು ಕೇಳಿದ. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಗೆ ಅವಳು ಎಷ್ಟು ಸಾವಿರ ಸಲ ಉತ್ತರ ಕೊಟ್ಟಿದ್ದಳೋ. ಎಡಕ್ಕೆ ಹೋಗಿ, ಎರಡನೇ ಬಾಗಿಲು, ನೀಲಿ ಬಸ್ಸು, ಟ್ಯಾಕ್ಸಿಯವರ ಹಿಂದೆ ಹೋದರೆ ಊರೆಲ್ಲ ಸುತ್ತಿಸುತ್ತಾರೆ ಎಂದು ಬಾಯಿ ತಾನಾಗಿ ಒಪ್ಪಿಸಿತು. ಅವನು, ನೀವೂ ಅಲ್ಲಿಗೇನಾ ಅಂದ.

"ಹೂಂ, ನಾನೂ ಅಲ್ಲಿಗೇ," ಅಂದುಬಿಟ್ಟಳು. ಅಂದ ಮೇಲೆ ಕಾಲು ಹಿಂದೆ ಸರಿಯಲಿಲ್ಲ.

ನೀಲಿ ಬಸ್ಸಿಗೆ ಕೆಲಸದವರು ಹತ್ತಬಾರದೆಂದು ಎಲ್ಲೂ ಬೋರ್ಡಿಲ್ಲ. ಎಲ್ಲರಿಗೂ ಗೊತ್ತಿದೆ, ಅಷ್ಟೇ. ಅಲ್ಲಿ ಕಾವಲು ನಿಂತಿದ್ದವನು ದಿನಾ ಅವಳ ಜೊತೆ ಟೀ ಕುಡಿಯುವವನು. ಅವಳನ್ನು ಸಾಲಿನಲ್ಲಿ ಕಂಡು ಅವನ ಮುಖ ಬಾಡಿತು.

"ದೊಡ್ಡಕ್ಕಾ, ನನ್ ಹೊಟ್ಟೆ ಮೇಲೆ ಹೊಡೀಬೇಡ."

ಅವಳು ವಿಮಾನದ ಚೀಟಿ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. "ಪ್ಯಾಸೆಂಜರ್ ಅಂತ ಬರ್ದಿದೆ ನೋಡು. ಓದಕ್ಕೆ ಬರುತ್ತಲ್ಲ ನಿಂಗೆ."

ಅವನು ಓದಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಆಕಾಶದಲ್ಲಿ ಏನೋ ಕಳೆದುಹೋಗಿದೆ ಅನ್ನುವಂತೆ ಮೇಲೆ ನೋಡುತ್ತ ನಿಂತ. ದೊಡ್ಡಕ್ಕ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತಳು.

ಬಸ್ಸು ಇನ್ನೇನು ಹೊರಡಬೇಕು, ಸೂಪರ್‌ವೈಸರ್ ಒಂದು ಕೈಯಲ್ಲಿ ಮಾಪು, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಏದುಸಿರು ಬಿಡುತ್ತ ಓಡಿ ಬಂದ. ಬಾಗಿಲಿಗೆ ಮಾಪನ್ನು ಅಡ್ಡ ಹಿಡಿದ.

"ಇಳಿಯೇ ಕೆಳಗೆ, ಲೌಡಿ. ಇಳೀದಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ದಾರಿ ಕೇಳಿದ್ದ ಪ್ರಯಾಣಿಕ ಫೋನಿನೊಳಗೆ ತಲೆ ಹುದುಗಿಸಿದ. ಮುಂದಿನ ಸೀಟಿನ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ದೊಡ್ಡಕ್ಕ ಎದ್ದು ಬಾಗಿಲಿಗೆ ಬಂದಳು. ಗೆದ್ದೆ ಅಂತ ಸೂಪರ್‌ವೈಸರ್ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ. ಅವಳು ಇಳಿಯಲಿಲ್ಲ. ಬಗ್ಗಿ ಬಕೆಟ್ಟಿನೊಳಗೆ ಇಣುಕಿದಳು.

"ನೀರು ಗಲೀಜಾಗಿದೆ ಸಾರ್, ಬದಲಾಯ್ಸಿ. ವಾಂತಿನ ಮೊದ್ಲು ಪೇಪರ್‌ನಲ್ಲಿ ಬಾಚ್ಬಿಡಿ. ಆಮೇಲೆ ಅಂಚಿಂದ ಒಳಕ್ಕೆ ಒರೆಸ್ತಾ ಬನ್ನಿ. ನಡುವಿಂದ ಶುರು ಮಾಡಿದ್ರೆ ಊರೆಲ್ಲಾ ಹರಡುತ್ತೆ."

ಡ್ರೈವರಿಗೆ ಹೊತ್ತಾಗಿತ್ತು. ಗುಂಡಿ ಒತ್ತಿದ, ಬಾಗಿಲು ಮುಚ್ಚಿ ಬಸ್ಸು ಹೊರಟಿತು. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಗಲೀಜು ನೀರು ತುಳುಕಿಸಿಕೊಂಡು ಸೂಪರ್‌ವೈಸರ್ ಕಿಟಕಿಯಾಚೆ ಹಿಂದೆ ಹಿಂದೆ ಹೋದ.

ದೊಡ್ಡಕ್ಕ ಮರಳಿ ಬಂದು ಕಿಟಕಿ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಬಸ್ಸು ಟೆಂಪೊವನ್ನು ಹಿಂದೆ ಹಾಕಿತು. ಬೆಳಗಿನ ಪಾಳಿ ಮುಗಿಸಿದವರು ಒತ್ತೊತ್ತಾಗಿ ನಿಂತಿದ್ದರು, ಬಾಯಿ ತುಂಬ ಧೂಳು. ಅವಳು ಗಾಜು ತಟ್ಟಿ ಕೈ ಬೀಸಿದಳು. ಮೊದಲು ಯಾರೂ ನೋಡಲಿಲ್ಲ. ಆಮೇಲೆ ತೋಟದ ಕೆಲಸದವಳೊಬ್ಬಳು ಕಂಡು ಮೊಣಕೈಯಿಂದ ಪಕ್ಕದವಳ ಸೊಂಟ ತಿವಿದಳು, ಅವಳು ಇನ್ನೊಬ್ಬಳನ್ನು ತಿವಿದಳು, ಟೆಂಪೊಗೆ ಟೆಂಪೊವೇ ನಗತೊಡಗಿತು. ಹಗ್ಗ ಬಿಟ್ಟು ತಿರುಗಿ ಕೈ ಬೀಸಲು ಯಾರಿಗೂ ಕೈ ಬಿಡುವಿರಲಿಲ್ಲ.

ಊರ ನಡುವೆ ಇಳಿದವಳು ನೇರ ಕುಳ್ಳಜ್ಜಿಯ ಕೋಣೆಗೆ ಹೋದಳು. ಮುದುಕಿ ಗೋಡೆ ಪಕ್ಕ ಮಲಗಿತ್ತು. ದೊಡ್ಡಕ್ಕ ವಿಮಾನದ ವಿಷಯ, ಫಲಕದ ವಿಷಯ, ಬಕೆಟ್ಟಿನ ವಿಷಯ ಎಲ್ಲ ಹೇಳಿದಳು. ಕೆಲಸ ಹೋಯ್ತು ಅಂತ ಕಾಣುತ್ತೆ ಅಜ್ಜಿ ಅಂದಳು. ಕುಳ್ಳಜ್ಜಿ ಬೇರೆ ಏನೋ ಕೇಳಿತು.

"ತಿರುವಲ್ಲಿ ಎತ್ತಾಕುತ್ತೇನೇ, ಆ ಬಸ್ಸು?"

"ಇಲ್ಲಜ್ಜಿ. ತಿರುವು ಬಂದಿದ್ದೇ ಗೊತ್ತಾಗಲ್ಲ."

ಮುದುಕಿ ಗೋಡೆ ಕಡೆ ಮುಖ ಮಾಡಿತು. ಆಮೇಲೆ, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೆ ಅಂದಿತು.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಹಿಂಭಾಗದಲ್ಲಿ ಟೆಂಪೊದವನು ಹಾರನ್ ಬಡಿದು ಬಡಿದು ಸುಸ್ತಾದ. ಹತ್ತಿದವರು ನಾಲ್ಕೇ ಜನ. ನಿನ್ನೆಯ ಸುದ್ದಿ ರಾತ್ರಿಯೇ ಬಾಯಿಂದ ಬಾಯಿಗೆ ಹಬ್ಬಿತ್ತು. ಉಳಿದವರು ಮುಂಭಾಗದಲ್ಲಿ ನೀಲಿ ಬಸ್ಸಿನ ಸಾಲಿನಲ್ಲಿದ್ದರು, ಯೂನಿಫಾರ್ಮ್ ತೊಟ್ಟು, ಟಿಕೆಟ್ ಹಿಡಿದು. ಸಾಲಿನ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳ್ಳಜ್ಜಿ. ದೊಡ್ಡಕ್ಕನೂ ಇನ್ನೂ ಮೂವರೂ ಕುರ್ಚಿಯನ್ನು ಎತ್ತಿ ಬಾಗಿಲೊಳಗೆ ತೂರಿಸಿದರು. ಮೈ ಅಲುಗಿದ ನೋವಿಗೆ ಮುದುಕಿ ಬೋಳಿಮಕ್ಕಳಾ, ನಾನೇನು ಬೀರೂನಾ ಅಂತ ಬೈಯುತ್ತಲೇ ಒಳಗೆ ಹೋಯಿತು.

ಡ್ರೈವರ್ ಯೂನಿಫಾರ್ಮುಗಳನ್ನು ನೋಡಿ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡ. ಇವರು ಇಳಿಯುವವರೆಗೆ ಬಸ್ಸು ಹೊರಡುವುದಿಲ್ಲ, ಮೇಲಿನವರ ಮಾತು ಅಂದ. ಸೂಟ್‌ಕೇಸಿನವರು ಗಡಿಯಾರ ನೋಡಿಕೊಂಡರು. ವಿಮಾನ ತಪ್ಪುತ್ತದೆ ಎಂದು ಒಬ್ಬ ಗೊಣಗಿದ, ಇನ್ನೊಬ್ಬ ಎದ್ದು ನಿಂತು ಬೈದ.

"ತಡವಾದ್ರೆ ಆಗ್ಲಿ ಬಿಡಪ್ಪ," ಅಂದಿತು ಕುಳ್ಳಜ್ಜಿ. "ನಂಗೇನ್ ಅವಸರ ಇಲ್ಲ."

ದೊಡ್ಡಕ್ಕ ಅಜ್ಜಿಯ ಪಕ್ಕದ ಸೀಟಿನಲ್ಲಿ ಕೂತಳು. ಯಾರೂ ಇಳಿಯಲಿಲ್ಲ.