‘ಲಿಂ.’ ಅಂತ ಒಂದು ಲೇಬಲ್

ಊರಿಗೆ ಊರೇ ಸಾಯಿಸಿದಾಕಿ ನಾನು. ವಿಷ ಹಾಕ್ಲಿಲ್ಲ, ಬೆಂಕಿ ಹಚ್ಚಲಿಲ್ಲ. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರಿಗೆ ಹರಿ ಸರ್ ಅವರ ಕಂಪ್ಯೂಟರ್ ಸೆಂಟರಿನ್ಯಾಗ ಕುಂತು ಒಂದು ಲೇಬಲ್ ಸಣ್ಣದು ಮಾಡಿದೆ, ಅಷ್ಟೇ. ನನ್ನ ಹೆಸರು ಪ್ರಮಿಲಾ. ಇದು ತೊಂಬತ್ತೆಂಟರ ಮಾತು.

ಆವಾಗ ಫಾರ್ಮ್ ಕಟ್ಟೋ ಹೊಸಾ ಪ್ರೋಗ್ರಾಮ್ ಬಂದಿತ್ತು. ಕೋಡ್ ಬರಿಯೋ ತೆಲಿನೋವಿಲ್ಲ. ಮೌಸಿನಿಂದ ಎಳದು ಸ್ಕ್ರೀನಿನ ಮ್ಯಾಲ ಎಲ್ಲಿ ಬೇಕಲ್ಲಿ ಕೂಡಿಸೋದು. ಟೈಪ್ ಮಾಡಾಕ ಒಂದು ಡಬ್ಬಿ, ಅದರಾಗ ಏನು ಬರೀಬೇಕು ಅಂತ ಹೇಳಾಕ ಮುಂದೊಂದು ಲೇಬಲ್. ಡಬ್ಬಿಯೊಳಗಿಂದು ಯಾರು ಬೇಕಾದ್ರೂ ಬದಲಿ ಮಾಡಬಹುದು. ಲೇಬಲ್ ಹಂಗಲ್ಲ. ಮಾಡಿದಾಕಿ ಬಿಟ್ರ ಅದನ್ನ ಯಾರೂ ಮುಟ್ಟಾಕ ಬರಂಗಿಲ್ಲ, ಡಬ್ಬಿ ಖಾಲಿ ಇದ್ರೂ ಅದು ಮಾತ್ರ ಗಟ್ಟ್ಯಾಗಿ ಕುಂತಿರ್ತದ. ಇದನ್ನ ನಾನೇ ಹುಡುಗೋರಿಗೆ ಪಾಠ ಹೇಳ್ತಿದ್ದೆ, ದೊಡ್ಡ ಶಾಣ್ಯಾಕಿ!

ನೆಲೋಗಿ ಕಡೆದೊಂದು ಎಣ್ಣೆಕಾಳಿನ ಸೊಸಾಯಿಟಿಯವರು ಸದಸ್ಯರ ಪಟ್ಟಿ ಕಂಪ್ಯೂಟರಿಗೆ ಹಾಕಿಕೊಡ್ರಿ ಅಂತ ಬಂದ್ರು. ನಾನು ಫಾರ್ಮ್ ಮಾಡಿದೆ. ಗಂಡೋ ಹೆಣ್ಣೋ ಬರಿಯಾಕ ಮೊದಲು ‘ಲಿಂಗ’, ಅದರ ಬಾಜೂಕ ‘ಹೆಸರು’. ಪ್ರಿಂಟ್ ತೆಗದ್ರ ಕಾಗದದ ಅಗಲ ಸಾಲವಲ್ದು. ಹರಿ ಸರ್ ಬಂದು ನಿಂತ್ರು. ಹೈದರಾಬಾದಿನ್ಯಾಗ ಹದಿನೈದು ದಿನ ಕಲ್ತು ಬಂದ ಪಂಡಿತರು.

“ಹೆಸರು ಅಂತ ಯಾಕ ಬೇಕು? ಹೆಸರು ನೋಡಿದ್ರ ಹೆಸರು ಅಂತ ಗೊತ್ತಾಗಂಗಿಲ್ಲೇನು? ತೆಗಿ ಅದನ್ನ. ಲಿಂಗ ಅನ್ನೋದನ್ನೂ ಶಾರ್ಟ್ ಮಾಡು.”

ಮಾಡಿದೆ. ‘ಲಿಂ.’ ಅಂತ. ಒಂದಕ್ಷರ, ಒಂದು ಸೊನ್ನಿ, ಒಂದು ಚುಕ್ಕಿ.

ಸೊಸಾಯಿಟಿಯ ಹಳೇ ರಜಿಸ್ಟರಿನ್ಯಾಗ ಗಂಡು ಹೆಣ್ಣು ಅಂತ ಕಾಲಮ್ಮೇ ಇರಲಿಲ್ಲ. ಹಿಂಗಾಗಿ ಆ ಡಬ್ಬಿ ಖಾಲಿ ಬಿಟ್ಟು ಹೆಸರಷ್ಟೇ ಟೈಪ್ ಮಾಡಿದೆ. ನಾಕನೂರು ಸಾಲಿನ್ಯಾಗೂ ಮೊದಲು ‘ಲಿಂ.’, ಆಮ್ಯಾಲ ಹೆಸರು. ಲಿಂ. ಬಸವಂತರಾಯ. ಲಿಂ. ಸುಭದ್ರಾಬಾಯಿ. ಲಿಂ. ರಸೂಲ. ಸೆಕ್ರೆಟ್ರಿ ಅನ್ನೋ ಪುಣ್ಯಾತ್ಮ ಓದ್ಲಿಲ್ಲ, ಹಾಳಿ ಹಾಳಿಗೆ ಸಿಕ್ಕಾ ಹೊಡದು ಚಾವಡಿ ಗ್ವಾಡಿಗೆ ಹಚ್ಚಿಸಿದ.

ನಮ್ಮ ಬ್ರಾಹ್ಮಣರ ಮನ್ಯಾಗ ಸತ್ತವರ ಹೆಸರಿನ ಮುಂದ ‘ಕೈ.’ ಅಂತ ಬರೀತಾರ, ಕೈಲಾಸವಾಸಿ ಅಂತ. ಲಿಂಗಾಯತರಲ್ಲಿ ‘ಲಿಂ.’, ಲಿಂಗೈಕ್ಯ ಅಂತ. ಲಗ್ನಪತ್ರಿಕಿನ್ಯಾಗ, ಗ್ವಾಡಿಗೆ ಹಾಕಿದ ಫೋಟೋದ ಕೆಳಗ, ಎಷ್ಟು ಸಲ ನೋಡಿಲ್ಲ ನಾನು! ಆವತ್ತು ನನ್ನ ಕಣ್ಣಾಗ ಏನು ಮಣ್ಣು ಬಿದ್ದಿತ್ತೋ.

ಮೊದಲು ಎಲ್ಲಾರೂ ನಕ್ರು. ಲಾರಿ ಹೊಡಿಯೋ ರಸೂಲ ಸೆಂಟರಿಗೇ ಬಂದ. ಅವಂದೂ ಅಲ್ಲೊಂದು ತುಂಡು ಹೊಲ ಇತ್ತು.

“ಏನ್ರಿ ಬಾಯಾರ, ನಾನು ಸತ್ತದ್ದು ಇರ್ಲಿ, ಲಿಂಗೈಕ್ಯ ಯಾವಾಗ ಆದೆ? ಸಾಯಿಸೋದಾದ್ರ ನಮ್ಮ ರೀತಿಲೆ ಸಾಯಿಸ್ರಿ. ಮರಹೂಮ್ ಅಂತ ಬರೀರಿ!”

ನಾನೂ ಹೊಟ್ಟಿ ಹಿಡಕೊಂಡು ನಕ್ಕೆ. ಆ ನಗು ನೆನಸಿದ್ರ ಈಗ ನನ್ನ ಬಾಯಿಗೆ ನಾನೇ ಹೊಡಕೋಬೇಕು ಅನಸ್ತದ.

ಲೇಬಲ್ ಸರಿ ಮಾಡಾಕ ಒಂದು ನಿಮಿಷ ಹತ್ತಲಿಲ್ಲ. ಹೊಸಾ ಪ್ರಿಂಟ್ ತೆಗದು ಸೆಕ್ರೆಟ್ರಿ ಮುಂದ ಇಟ್ಟೆ. ಆಂವ ಮುಟ್ಟಲಿಲ್ಲ.

“ಸಿಕ್ಕಾ ಬಿದ್ದದ್ದು ಬಿದ್ದದ. ತಪ್ಪಾಗ್ಯಾದ ಅಂತ ನಾ ಬರಕೊಟ್ರ ಮ್ಯಾಲಿನವ್ರು ನನ್ನ ನೌಕರಿ ತಿಂತಾರ. ಜೀವಂತ ಇದ್ದವ್ರು ಖುದ್ದ ಹಾಜರಾಗಲಿ, ಅಂಥವರ ‘ಲಿಂ.’ ಹೊಡದು ಹಾಕ್ತೇನಿ.”

ಕೆಂಪು ಪೆನ್ನು ಹಿಡಕೊಂಡು ಚಾವಡಿಯೊಳಗ ಕುಂತ. ಮಂದಿ ಪಾಳಿ ಹಚ್ಚಿ, “ನಾ ಇದ್ದೇನ್ರಿ, ನನ್ನ ನೋಡ್ರಿ” ಅಂತ ಮಾರಿ ತೋರಿಸಿ ಬದುಕಿ ಹೋದ್ರು. ಎಂಟು ದಿನದಾಗ ಪಟ್ಟಿಯೊಳಗ ಖರೇ ಸತ್ತವರಷ್ಟೇ ಉಳದ್ರು. ಅವರ ಜೋಡಿ ಒಬ್ಬಾಂವ ನಾಗಣ್ಣ.

ಈ ನಾಗಣ್ಣ ಆರು ವರ್ಷದ ಹಿಂದ ಅಣ್ಣ ದೊಡ್ಡಪ್ಪನ ಜೋಡಿ ಜಗಳಾಡಿ ಊರು ಬಿಟ್ಟಾಂವ. ಒಂದು ಕಾರ್ಡ್ ಸೈತ ಬರದಿರಲಿಲ್ಲ. ಹೆಂಡತಿ ಶಿವಕಾಂತಾ, ಮಕ್ಕಳಿಲ್ಲದಾಕಿ, ಅವನ ಪಾಲಿನ ನಾಕು ಎಕರೆ ಒಬ್ಬಾಕೇ ಮಾಡ್ಕೊಂಡು ಅವನ ಹಾದಿ ಕಾಯ್ತಿದ್ದಳು. ಆ ಹೊಲದ ಮ್ಯಾಲ ದೊಡ್ಡಪ್ಪನ ಕಣ್ಣು ಮೊದಲಿಂದ ಇತ್ತು. ಪಟ್ಟಿ ಸಿಕ್ಕದ್ದೇ ತಡ, ಹಿರ್ಯಾರನ್ನ ಕೂಡಿಸಿದ.

“ತಮ್ಮ ಸತ್ತಾನಂತ ಕಂಪ್ಯೂಟರೇ ಹೇಳ್ಯಾದ. ಮಕ್ಕಳಿಲ್ಲ, ಮರಿಯಿಲ್ಲ. ಹೊಲ ನಮ್ಮ ಮನಿತನದ್ದು. ಆಕಿ ಕೈಯಾನ ಬಳಿ ತೆಗದು ತವರಿಗೆ ಹೋಗಲಿ.”

ಹಿರ್ಯಾರು ಸಂಕ್ರಮಣದ ತನಕ ಟೈಮ್ ಕೊಟ್ರು. ಅಷ್ಟರಾಗ ನಾಗಣ್ಣ ಖುದ್ದ ಬಂದು ನಿಂತ್ರ ಹೊಲ, ಮನಿ ಎರಡೂ ಶಿವಕಾಂತಾಗ. ಇಲ್ಲಂದ್ರ ಆಕಿ ಹೊರಗ.

ಮರುದಿನ ಆಕಿ ನನ್ನ ಹುಡಿಕ್ಯೊಂಡು ಬಂದಳು. ಎರಡೂ ಕೈ ತುಂಬ ಹಸರ ಬಳಿ. ಬಾಗಲದಾಗೇ ನಿಂತಳು.

“ಬಾಯಾರ, ಬರದಾಕಿ ನೀವೇನ್ರಿ? ಅವರು ಹೋದ ಸುದ್ದಿ ನಿಮಗ ಯಾರು ಹೇಳಿದ್ರು?”

ನೆಲ ಬಿರದು ನನ್ನ ನುಂಗಬಾರದಾ ಅನಿಸ್ತು. ಯಾರೂ ಹೇಳಿಲ್ಲ ತಂಗಿ, ಅದು ಲೇಬಲ್ಲು, ತಪ್ಪು ನಂದು ಅಂದು ಆಕಿನ್ನ ಒಳಗ ಕರದು ಸ್ಕ್ರೀನ್ ತೋರಿಸಿದೆ. ಆ ಜಾಗಾ ಬೆರಳಿಲೆ ಮುಟ್ಟಿ ನೋಡಿದಳು.

“ಇಷ್ಟ ಅಳಿಸಿದ್ರ ಇದ್ದಾರ ಅಂತ ಆಗ್ತದೇನ್ರಿ?”

“ಈ ಸ್ಕ್ರೀನಿನ್ಯಾಗ ಆಗ್ತದ. ಊರಾಗ ಆಗವಲ್ದು.”

ಆವಾಗ ನೆನಪಾದಾಂವ ರಸೂಲ. ನಾಗಣ್ಣನಂಥಾಂವನ್ನ ಸೋಲಾಪುರದ ಅಡತಿ ಬಜಾರಿನ್ಯಾಗ ನೋಡೇನಿ ಅಂತ ಹಿಂದೊಮ್ಮೆ ಅಂದಿದ್ದ. ನಾನು ಅವನಿಗೆ ಕೈ ಮುಗದೆ. “ರಸೂಲ್ ಭಾಯಿ, ಆಂವ ಇರಾಕ ಬರೋದು ಬ್ಯಾಡ. ಒಂದು ದಿನ, ಒಂದೇ ತಾಸು ಬಂದು ಮಾರಿ ತೋರಿಸಿ ಹೋಗಲಿ. ಆಕಿ ಉಳೀತಾಳ.” ರಸೂಲ ಲಾರಿ ಒಯ್ದ ಮೂರು ಖೇಪಿನ್ಯಾಗ ಹುಡುಕಿದ. ನಾಕನೇ ಖೇಪಿಗೆ ಸಿಕ್ಕನಂತ. ವಾಪಸ್ ಬಂದು ನನ್ನ ಮಾರಿ ನೋಡಲಾರದೆ ಹೇಳಿದ.

“ಅಲ್ಲೊಬ್ಬಾಕಿನ್ನ ಇಟ್ಕೊಂಡಾನ್ರಿ. ಎರಡು ಮಕ್ಕಳು ಅವ. ಎಲ್ಲಾ ಬಿಡಿಸಿ ಹೇಳಿದೆ. ‘ಸತ್ತೇನಂತ ಬರದಾರಾ? ಛಲೋ ಆತು ಬಿಡು, ಹಂಗೇ ಇರ್ಲಿ’ ಅಂದ. ಅಂದು ಚಹಾ ಕುಡಿಸಿ ಕಳಿಸಿದ ಹರಾಮಖೋರ.”

ಕೇಳಿ ನನ್ನ ಮೈ ಉರದು ಹೋಯ್ತು. ನನ್ನ ಒಂದು ತಪ್ಪು ಚುಕ್ಕಿ ಅವನಿಗೆ ಬಿಡುಗಡಿ ಚೀಟಿ ಆಗಿತ್ತು.

ಸಂಕ್ರಮಣಕ್ಕ ಎರಡು ದಿನ ಇತ್ತು. ಶಿವಕಾಂತಾ ಬಂದಳು. ಸುಳ್ಳು ಹೇಳಬೇಕು ಅಂತ ಮಾಡಿದ್ದೆ, ಬಾಯಿ ಬರಲಿಲ್ಲ. ಇದ್ದದ್ದು ಇದ್ದಂಗ ಹೇಳಿದೆ. ಆಕಿ ಮೊದಲು ಕೇಳಿದ್ದೇನು ಗೊತ್ತದ ಏನ್ರಿ?

“ತಬ್ಯತ್ ಛಲೋ ಅದ ಏನ್ರಿ ಅವರದು?”

“ಅದ.”

“ಮಕ್ಕಳು ಗಂಡೋ ಹೆಣ್ಣೋ?”

“ಕೇಳಿಲ್ಲ.”

ಆಕಿ ಕೈಯಾನ ಬಳಿ ತಿರುವಿಕೋತ ಕುಂತಳು. ಅಳಲಿಲ್ಲ. ನನಗೇ ಅಳು ಬಂದು ಮಾರಿ ಅತ್ತಾಗ ಮಾಡಿದೆ.

“ಬಾಯಾರ, ಗಂಡ ಸತ್ರ ಅವನ ಹೊಲ ಯಾರಿಗೆ ಬರ್ತದ? ಊರಾನವ್ರು ಹೇಳೋದು ಬ್ಯಾಡ, ಕಾಯ್ದೆದಾಗ ಇದ್ದದ್ದು ಹೇಳ್ರಿ.”

“ಹೆಂಡತಿಗೆ. ವಾರಸುದಾರಳು ನೀನ.”

“ಸುಳ್ಳೆ ದೊಡ್ಡಪ್ಪ ಭಾವನ ಮುಂದ ಇಷ್ಟು ದಿನ ಅವರು ಇದ್ದಾರ, ಬರ್ತಾರ ಅಂತ ಬಡದಾಡಿದೆ. ನನ್ನ ಹೆಸರಿಲೆ ವಾರಸಾ ಅರ್ಜಿ ಟೈಪ್ ಮಾಡ್ರಿ. ಭಾವನೇ ಊರ ಮುಂದ ಹೇಳ್ಯಾನಲ್ಲ ಸತ್ತಾನಂತ, ಈಗ ಹೆಂಗ ಇಲ್ಲ ಅಂತಾನ ನೋಡೂಣು.”

“ಶಿವಕಾಂತಾ, ಆಂವ ಬದುಕ್ಯಾನ.”

“ಹಾಜರಾಗಂಗಿಲ್ಲ ಅಂದಾರಲ್ರೀ,” ಅಂದಳು. “ನೀವು ತಪ್ಪಿ ಬರದ್ರಿ. ಅವರು ಅದನ್ನ ಖರೇ ಮಾಡಿದ್ರು.”

ವಾರಸಾ ಅರ್ಜಿಯ ಫಾರ್ಮ್ ನಾನೇ ಕಟ್ಟಿದ್ದು. ‘ಲಿಂ.’ ಆದ ಮ್ಯಾಲ ಕಟ್ಟಿದ್ದು, ಒಂದು ಲೇಬಲ್ ಸೈತ ಶಾರ್ಟ್ ಮಾಡಿರಲಿಲ್ಲ. ‘ಅರ್ಜಿದಾರರ ಪೂರ್ಣ ಹೆಸರು’, ‘ಗಂಡನ ಪೂರ್ಣ ಹೆಸರು’, ಎಲ್ಲಾ ಉದ್ದಕ ಬರದಿದ್ದೆ. ನಾನು ಟೈಪ್ ಮಾಡಾಕ ಹತ್ತಿದೆ. ಆಕಿ ಬಾಜೂಕ ಕುಂತು ಬಳಿ ಒಂದೊಂದೇ ಬಿಚ್ಚಾಕ ಹತ್ತಿದಳು. ಭಾವನ ಮನ್ಯಾಗಿನವ್ರು ಒಡಿಯೋದು ಬ್ಯಾಡ, ನಾನೇ ತೆಗೀತೇನಿ ಅಂದಳು. ಕೆಲಸ ಮಾಡಿ ಮಾಡಿ ಕೈ ದಪ್ಪ ಆಗಿದ್ವು, ಬಳಿ ಬರವಲ್ದು, ಮುಂಗೈ ಕೆಂಪಗಾಗಿತ್ತು.

ಗಂಡನ ಹೆಸರಿನ ಡಬ್ಬಿಗೆ ಬಂದು ನನ್ನ ಬೆರಳು ನಿಂತ್ವು. ಈ ಸಲ ಹರಿ ಸರ್ ಹೇಳಿಲ್ಲ, ಕಾಗದ ಕಡಿಮಿ ಬಿದ್ದಿಲ್ಲ, ಲೇಬಲ್ಲಿನ ಮ್ಯಾಲ ತಪ್ಪು ಹಾಕಾಕೂ ಬರಂಗಿಲ್ಲ.

“ಬರೀರಿ,” ಅಂದಳು ಶಿವಕಾಂತಾ.

ಒಂದಕ್ಷರ, ಒಂದು ಸೊನ್ನಿ, ಒಂದು ಚುಕ್ಕಿ ಹೊಡದೆ. ಆಮ್ಯಾಲ ನಾಗಣ್ಣ ಅಂತ ಬರದೆ. ಡಬ್ಬಿಯೊಳಗ ಜಾಗಾ ಬೇಕಾದಷ್ಟಿತ್ತು, ಲಿಂಗೈಕ್ಯ ಅಂತ ಪೂರ್ತಿ ಬರೀಬಹುದಿತ್ತು. ನನ್ನ ಕೈ ಏಳಲಿಲ್ಲ.